ಪೋವಿಸ್ ಕೋಟೆಯಲ್ಲಿ ಹ್ಯಾಟು ಹಾಕಿದ ಹೆಂಗಸು

ಬರ್ಮಿಂಗ್‌ಹ್ಯಾಮ್‌ನಿಂದ ವೇಲ್ಸ್‌ನ ವೆಲ್ಷ್‌ಪೂಲ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಬರ್ಮಿಂಗ್‌ಹ್ಯಾಮ್‌ನಲ್ಲೇ ಓದುತ್ತಿರುವ ಅಕ್ಕನ ಮಗಳು ಜೊತೆಗಿದ್ದಳು. ಸ್ಟೇಷನ್ನಿಂದ ಟಿಪ್ಪುವಿನ ವಸ್ತುಗಳಿರುವ ಪೋವಿಸ್ ಕೋಟೆಗೆ ಏರುದಾರಿ. ಎರಡು ಕಡೆ ಸುಮ್ನೆ ಫೋಟೋ ತೆಗೆಯುವ ನೆಪ ಮಾಡಿ ನಿಂತೆ. ಮೇಲೆ ಕೆಂಪು ಕಲ್ಲಿನ ಕೋಟೆ, ಅಂಗಳದಲ್ಲಿ ನವಿಲು.

"ಮಾಮ, ಇದನ್ನೂ ನಮ್ಮೂರಿಂದಲೇ ಹೊತ್ತುಕೊಂಡು ಬಂದ್ರಾ?" ಅಂದಳು ನವಿಲು ತೋರಿಸಿ.

ನಾನು ನೋಡಲು ಹೋಗಿದ್ದು ಒಂದು ಚಿತ್ರ. ಹೆನ್ರಿಯೆಟ್ಟಾ ಹರ್ಬರ್ಟ್, ಈ ಮನೆಯ ಮಗಳು. ಇಂಗ್ಲೆಂಡಿನ ಚಿತ್ರಕಾರ ಜೋಶುವಾ ರೆನಾಲ್ಡ್ಸ್ 1777ರ ಸುಮಾರಿಗೆ ಬರೆದದ್ದು. ಆಗ ಅವಳಿಗೆ ಇಪ್ಪತ್ತರ ಆಸುಪಾಸು. ಬಿಳಿ ಉಡುಪು, ತಲೆಮೇಲೆ ಮೊರದಷ್ಟಗಲದ ಹ್ಯಾಟು. ಹತ್ತಿರ ಹೋದರೆ ಉಡುಪು ಬರೀ ಕುಂಚದ ಗೀಟು, ಎರಡು ಹೆಜ್ಜೆ ಹಿಂದೆ ಸರಿದರೆ ಮತ್ತೆ ಬಟ್ಟೆ. ಮುಖದಲ್ಲಿ ಮಾತ್ರ ಯಾವ ಆತುರವೂ ಇಲ್ಲ.

ಹರ್ಬರ್ಟ್ ಮನೆತನಕ್ಕೆ ಹೆಸರಿತ್ತು, ಜೊತೆಗೆ ಸಾಲವೂ ಇತ್ತು. 1784ರಲ್ಲಿ ಅವಳು ಎಡ್ವರ್ಡ್ ಕ್ಲೈವ್‌ನನ್ನು ಮದುವೆಯಾದಳು. ಪ್ಲಾಸಿ ಕದನ ಗೆದ್ದು ಬಂಗಾಳದಲ್ಲಿ ದುಡ್ಡು ಮಾಡಿದ ರಾಬರ್ಟ್ ಕ್ಲೈವ್‌ನ ಮಗ. ಬಂಗಾಳದ ದುಡ್ಡು ಹೀಗೆ ವೇಲ್ಸ್‌ನ ಗುಡ್ಡ ಹತ್ತಿತು.

1798ರಲ್ಲಿ ಎಡ್ವರ್ಡ್ ಮದ್ರಾಸಿಗೆ ಗವರ್ನರ್ ಆದ. 1800ರ ಮಾರ್ಚಿನಲ್ಲಿ ಇವಳು ಗಂಡನನ್ನು ಅಲ್ಲೇ ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನಮ್ಮ ಕಡೆ ಹೊರಟಳು. ಆನೆ, ಎತ್ತು, ದೊಡ್ಡ ಪರಿವಾರ. ಮದ್ರಾಸಿಗೆ ವಾಪಸಾಗಲು ಏಳು ತಿಂಗಳಾಯಿತು. ಬೆಂಗಳೂರಿನಲ್ಲಿ ಉಳಿದದ್ದು ಟಿಪ್ಪುವಿನ ಅರಮನೆಯಲ್ಲಿ. ಕಾಲೇಜಿನ ದಿನಗಳಲ್ಲಿ ಮಾರ್ಕೆಟ್ಟಿಗೆ ಹೋಗುವ ಬಸ್ಸಿನಿಂದ ದಿನಾ ಆ ಕಡೆ ಹಾದಿದ್ದೇನೆ, ಒಂದು ದಿನವೂ ಇಳಿದಿರಲಿಲ್ಲ. ಅಲ್ಲಿಂದ ಶ್ರೀರಂಗಪಟ್ಟಣ. ಟಿಪ್ಪು ಸತ್ತು ಒಂದು ವರ್ಷ ಕಳೆದಿತ್ತು, ಅಷ್ಟೇ.

ಪಟ್ಟಣದಿಂದ ಬಂದದ್ದು ಕೋಟೆಯೊಳಗಿನ ಕ್ಲೈವ್ ಮ್ಯೂಸಿಯಂನಲ್ಲಿದೆ. ಟಿಪ್ಪುವಿನ ಸಿಂಹಾಸನದ ಒಂದು ಹುಲಿತಲೆ. ಚಿನ್ನದ್ದು, ಹರಳು ಕೂರಿಸಿದ್ದು, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಹಲ್ಲು ಕಿರಿದುಕೊಂಡು ಗಾಜಿನೊಳಗೆ ಕೂತಿದೆ. ನಾನು ಜಾಸ್ತಿ ಹೊತ್ತು ನಿಂತದ್ದು ಮಾತ್ರ ಡೇರೆಯ ಮುಂದೆ. ಟಿಪ್ಪುವಿನದು. ಹತ್ತಿ ಬಟ್ಟೆ, ಕಮಾನಿನೊಳಗೊಂದು ಹೂದಾನಿ, ಹೂದಾನಿಯ ತುಂಬಾ ಹೂವು. ಬೆಳಕು ತಾಗಿ ಬಣ್ಣ ಹೋಗಬಾರದೆಂದು ಕೋಣೆಯನ್ನು ಮಬ್ಬಾಗಿ ಇಟ್ಟಿದ್ದಾರೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ನನಗನಿಸಿದ್ದು ಇಷ್ಟೇ. ನಮ್ಮ ದಾರಿಯಲ್ಲಿ ಧೂಳು ಕುಡಿದು, ಗಿಡ, ಕಲ್ಲು ಆರಿಸಿಕೊಂಡು ಹೋದ ನಲವತ್ತು ದಾಟಿದ ಹೆಂಗಸು ಆ ಚಿತ್ರದಲ್ಲಿ ಇಲ್ಲ. ಅದರಲ್ಲಿರುವುದು ಊರು ಬಿಡದ ಹುಡುಗಿ. ನನಗೆ ಬೇಕಿದ್ದವಳು ಇನ್ನೊಬ್ಬಳು.

ಈ ಮನೆಯವರು ಆ ಡೇರೆಯನ್ನು ಮುಂದೆ ತೋಟದ ಪಾರ್ಟಿಗಳಿಗೆ ಹಾಕುತ್ತಿದ್ದರಂತೆ. ಹೊರಗೆ ಬಂದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಅಕ್ಕನ ಮಗಳು ಹುಲ್ಲುಹಾಸಿನ ಕಡೆ ನೋಡಿ, "ಇಂಥಾ ಮಳೇಲಿ ಆ ಬಟ್ಟೆ ಹಾಕ್ತಿದ್ರಾ ಮಾಮ, ನೆನೆದುಹೋಗಲ್ವಾ?" ಅಂದಳು.