ಒಂದೇ ಕವರಿನಲ್ಲಿ ಮೂರು ಸ್ವೀಕೃತಿ ಚೀಟಿ

ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ಕರ್ನಾಟಕದ ಕಾನೂನು ಸಕಾಲ. ಅದರ ಅರ್ಜಿಗಳ ವರದಿ ನೋಡುವುದು ನನ್ನ ಕೆಲಸ. ಪ್ರತಿ ಸೋಮವಾರ ಪಟ್ಟಿ ತೆಗೆಯುತ್ತೇನೆ, ಗಡುವು ಮೀರಿದ ಕಡೆ ಕೆಂಪು ಬಣ್ಣ ಹಚ್ಚಿ ಮೇಲಕ್ಕೆ ಕಳಿಸುತ್ತೇನೆ. ಒಂದು ಹೋಬಳಿ ಮಾತ್ರ ಯಾವಾಗಲೂ ಹಸಿರು. ಅಷ್ಟು ಚೆನ್ನಾಗಿ ಹೇಗೆ ಮಾಡ್ತಾರೆ ನೋಡಿ ಬಂದರೆ ಬೇರೆಯವರಿಗೂ ಹೇಳಬಹುದಲ್ವಾ ಅಂತ ಒಂದು ದಿನ ಅಲ್ಲಿನ ನಾಡಕಚೇರಿಗೆ ಹೋದೆ.

ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಿಂದ ಮೂರು ಸ್ವೀಕೃತಿ ಚೀಟಿ ತೆಗೆದು, "ಸಾರ್, ಇದರಲ್ಲಿ ಯಾವುದು ಈಗ ನಡೀತಿರೋದು ನೋಡಿ" ಅಂದರು. ಮಗಳ ಹಾಸ್ಟೆಲ್‌ಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಮೂರೂ ಚೀಟಿಯಲ್ಲಿ ಬೇರೆ ಬೇರೆ 15 ಅಂಕಿಯ ಜಿಎಸ್‌ಸಿ ನಂಬರ್, ಅಂದರೆ ಸಕಾಲ ಅರ್ಜಿಯ ಗುರುತಿನ ಸಂಖ್ಯೆ. ಮೊಬೈಲಿನಲ್ಲಿ ಹಾಕಿ ನೋಡಿದೆ. ಮೊದಲನೆಯದು, ದಾಖಲೆ ಸಾಲದು ಅಂತ ತಿರಸ್ಕೃತ. ಎರಡನೆಯದು, ರೇಷನ್ ಕಾರ್ಡಿಗೂ ಆಧಾರ್‌ಗೂ ಹೆಸರು ಹೊಂದುತ್ತಿಲ್ಲ ಅಂತ ತಿರಸ್ಕೃತ, ಅದೂ ಗಡುವಿನ ಕೊನೆಯ ದಿನ. ಮೂರನೆಯದು ಬಾಕಿ.

ನನ್ನ ಪಟ್ಟಿಯಲ್ಲಿ ಮೊದಲ ಎರಡೂ "ಅವಧಿಯೊಳಗೆ ವಿಲೇವಾರಿ". ಎರಡೂ ಹಸಿರು. ಆ ತಾಯಿಗೆ ಮಾತ್ರ ಬಂದಷ್ಟೂ ದಿನದ ಕೂಲಿ ಹೋಗಿತ್ತು. ಹೆಸರಿನ ತಪ್ಪನ್ನು ಮೊದಲ ಸಲವೇ ಯಾರಾದರೂ ಹೇಳಿದ್ದರೆ ಸಾಕಿತ್ತು.

2012ರ ಏಪ್ರಿಲ್‌ನಲ್ಲಿ ಸಕಾಲ ಶುರುವಾದಾಗ ಅದರ ಬಲವೇ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಪ್ಪು ಮಾಡಿದ ಅಧಿಕಾರಿಯಿಂದಲೇ ವಸೂಲಿ. ಇದು ತುಂಬ ದೊಡ್ಡ ವಿಷಯ, ಈಗಲೂ ನನಗೆ ಆ ಕಾನೂನಿನ ಮೇಲೆ ಗೌರವ ಇದೆ. ಆದರೆ ತಡ ಮಾಡಿದರೆ ದಂಡ ಬೀಳುತ್ತದೆ, ಗಡುವಿನೊಳಗೆ ತಿರಸ್ಕರಿಸಿದರೆ ಬೀಳುವುದಿಲ್ಲ. ಅರ್ಜಿದಾರರು ಮೇಲ್ಮನವಿ ಹಾಕಬಹುದು ನಿಜ, ಆದರೆ ಕೂಲಿ ಬಿಟ್ಟು ಬಂದವರು ಮೇಲ್ಮನವಿಗೆ ಓಡಾಡುತ್ತಾರಾ, ಸುಮ್ನೆ ಇನ್ನೊಂದು ಅರ್ಜಿ ಹಾಕಿ ಹೋಗುತ್ತಾರೆ. ಆ ಅರ್ಜಿಗೆ ದಿನದ ಲೆಕ್ಕ ಮತ್ತೆ ಒಂದರಿಂದ ಶುರು.

ವಾಪಸ್ ಬಂದು ಪಟ್ಟಿ ಬದಲಾಯಿಸಿದೆ. ಅದೇ ಹೆಸರು, ಅದೇ ಸೇವೆ, ಎರಡು ತಿಂಗಳೊಳಗೆ ಮತ್ತೆ ಅರ್ಜಿ ಬಂದಿದ್ದರೆ ಅದನ್ನು ಒಂದೇ ಕೆಲಸ ಅಂತ ಎಣಿಸಿ, ಮೊದಲ ಅರ್ಜಿಯ ದಿನದಿಂದ ಲೆಕ್ಕ ಹಾಕಿದೆ. ತಿರಸ್ಕಾರಕ್ಕೆ ಬೇರೆ ಕಾಲಂ, ಗಡುವಿನ ಕೊನೆಯ ಎರಡು ದಿನದಲ್ಲಿ ಆದವಕ್ಕೆ ಇನ್ನೊಂದು. ಹಸಿರು ಹೋಬಳಿ ಕೆಳಕ್ಕೆ ಇಳಿಯಿತು. ಮೀಟಿಂಗಿನಲ್ಲಿ ಬೇಸರದ ಮಾತೂ ಬಂತು. ಅಲ್ಲಿನ ಸಿಬ್ಬಂದಿಯನ್ನು ದೂರಲು ನನಗೆ ಮನಸ್ಸಿಲ್ಲ, ನಾವು ಏನು ಎಣಿಸಿದೆವೋ ಅದನ್ನೇ ಅವರು ಮಾಡಿಕೊಟ್ಟರು.

ಕಾರಣಗಳನ್ನು ಒಂದೊಂದಾಗಿ ಓದಿದಾಗ ಹೆಸರಿನ ಕಾಗುಣಿತವೇ ಜಾಸ್ತಿ. ಈಗ ಅಲ್ಲಿ ಅರ್ಜಿ ತೆಗೆದುಕೊಳ್ಳುವ ಮೊದಲೇ ಆಪರೇಟರ್ ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ಹೆಸರು ಓದುತ್ತಾರೆ. ನಾನು ವಾರಕ್ಕೆ ಹತ್ತು ಜನ ಅರ್ಜಿದಾರರಿಗೆ ಫೋನ್ ಮಾಡುತ್ತೇನೆ. ಕೇಳುವುದು ಒಂದೇ: ಈ ಕೆಲಸಕ್ಕೆ ಎಷ್ಟು ಸಲ ಬಂದ್ರಿ?