ಮಾವನ ಕುಡಿತ, ದೇವರ ಟೈಮು

ನಮ್ಮ ಸೋದರಮಾವ ಮತ್ತೆ ಕುಡಿಯಲು ಶುರು ಮಾಡಿದ್ದಾರೆ.

ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಕ್ಕೆ ಅವರನ್ನು ಕಳಿಸಲು ಅತ್ತೆ, ಅಮ್ಮ, ನಾನು ಎಷ್ಟು ಒದ್ದಾಡಿದೆವು ಅಂತ ನಮಗೇ ಗೊತ್ತು. 8 ದಿನ ಮನೆ ಬಿಟ್ಟು ಅಲ್ಲೇ ಇರಬೇಕು ಅಂದಾಗ, ತೋಟಕ್ಕೆ ನೀರು ಬಿಡುವವರು ಯಾರು ಅನ್ನುವುದರಿಂದ ಹಿಡಿದು ನನಗೇನು ರೋಗ ಬಂದಿದೆಯಾ ಅನ್ನುವವರೆಗೆ ಎಲ್ಲ ಸಬೂಬೂ ಆಯಿತು. ಕೊನೆಗೆ ಹೋದರು. ಬರುವಾಗ ಮುಖದಲ್ಲಿ ಕಳೆ ಇತ್ತು, ಊಟ ಸೇರುತ್ತಿತ್ತು. ಆಮೇಲೆ ಯಾರದೋ ಮದುವೆ ಮನೆ. ಅಷ್ಟೇ.

ನಮ್ಮ ಕಡೆ ಮಂಜುನಾಥನ ಮೇಲೆ ಆಣೆ ಇಡಲು ಎಂಥವರೂ ಹೆದರುತ್ತಾರೆ. ಮಾವ ತಾವಾಗಿಯೇ ಇಟ್ಟಿದ್ದರು. ಈಗ ಅತ್ತೆಗೆ ಗಂಡನ ಲಿವರ್ ಚಿಂತೆಗಿಂತ ಆಣೆ ತಪ್ಪಿದ ಭಯವೇ ಜಾಸ್ತಿ, ತಪ್ಪುಕಾಣಿಕೆ ಕಟ್ಟಿಟ್ಟಿದ್ದಾರೆ. ನನಗೆ ಆ ಭಯ ಇಲ್ಲ. ಬಂದವರಿಗೆಲ್ಲ ಅನ್ನ ಹಾಕುವ ದೇವರು, ಕೈ ನಡುಗುವ ಒಬ್ಬ ಕುಡುಕನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾನಾ? ನನ್ನ ಜಗಳ ಬೇರೆ. ಇಷ್ಟೆಲ್ಲ ಮಾಡಿದ್ದೇವಲ್ಲ, ಸ್ವಲ್ಪ ಬೇಗ ದಾರಿ ತೋರಿಸಬಾರದಾ ಅಂತ.

ಎಲ್ಲದಕ್ಕೂ ಕಾಲ ಕೂಡಿ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಮದುವೆ ಮನೆಯಲ್ಲಿ ಗ್ಲಾಸು ಕೈಗಿಟ್ಟವರೂ ಇದನ್ನೇ ಹೇಳುತ್ತಾರೆ, ಇರಲಿ. ನನಗೆ ಸಮಾಧಾನ ಆಗಿದ್ದು ಡಾಕ್ಟರ ಮಾತಿನಿಂದ. ಬಿಟ್ಟು ಮತ್ತೆ ಹಿಡಿಯುವುದು ಈ ಕಾಯಿಲೆಯಲ್ಲಿ ಮಾಮೂಲಿ, ಎಷ್ಟೋ ಜನ ಹಲವು ಸಲ ಜಾರಿದ ಮೇಲೇ ಪೂರ್ತಿ ಬಿಡುವುದು ಅಂದರು. ಅದನ್ನು ಕೇಳಿದ ಮೇಲೆ ದೇವರ ಮೇಲೆ ಭಾರ ಹಾಕುವುದು ಸ್ವಲ್ಪ ಸುಲಭವಾಯಿತು. ಯಾವ ಸಲ ನಿಲ್ಲುತ್ತದೆ ಅಂತ ಅವನಿಗೆ ಗೊತ್ತಿದ್ದರೆ ಸಾಕು, ನನಗೆ ಮೊದಲೇ ತಿಳಿಸಬೇಕು ಅಂತೇನಿಲ್ಲವಲ್ಲ.

ಹಾಗಂತ ಸುಮ್ನೆ ಕೂತಿಲ್ಲ. ಮಾವನ ಕೈಗೆ ದುಡ್ಡು ಕೊಡುವುದಿಲ್ಲ, ಅಂಗಡಿಯ ಸಾಲ ತೀರಿಸುವುದಿಲ್ಲ. ರೋಷದಲ್ಲಿ ಇವತ್ತಿಂದ ಒಂದು ಹನಿಯೂ ಮುಟ್ಟಲ್ಲ ಅಂದರೆ ಖುಷಿಪಡುವ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಯಾಕೆಂದರೆ ವರ್ಷಗಟ್ಟಲೆ ದಿನಾ ಕುಡಿದವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. (ನಿಮ್ಮ ಮನೆಯಲ್ಲೂ ಇದೇ ಕಥೆ ಇದ್ದು, ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಒದ್ದಾಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.)

ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಇದೆ, ಕುಡಿತ ಬಿಟ್ಟವರೇ ಸೇರಿ ಕೂತು ಮಾತಾಡುತ್ತಾರೆ. ಮಾವ ನಾಚಿಕೆಯಿಂದ ಆ ಕಡೆ ತಲೆ ಹಾಕುತ್ತಿಲ್ಲ. ಹೋದ ವಾರ ಅವರೇ ಒಂದಿಬ್ಬರು ಮನೆಗೆ ಬಂದರು, ಮಾವ ಹಿತ್ತಿಲ ಬಾಗಿಲಿಂದ ತೋಟಕ್ಕೆ ಹೋಗಿಬಿಟ್ಟರು. ಅತ್ತೆ ಮುಖ ಸಣ್ಣದು ಮಾಡಿಕೊಂಡು ಕಾಫಿ ಕೊಟ್ಟರು. ಪರವಾಗಿಲ್ಲ ಅಕ್ಕಾ, ನಾವೂ ಹಿಂಗೇ ಓಡಿದವರು, ಮತ್ತೆ ಬರ್ತೀವಿ ಅಂದರಂತೆ. ಬರಲಿ ಅಂತ ನಾನೇ ಫೋನ್ ಮಾಡಿ ಹೇಳಿದ್ದೇನೆ, ಮಾವ ಬೈದರೆ ಬೈಯಲಿ.