ಅಬು ಸಿಂಬೆಲ್ ಚಿತ್ರವನ್ನು ಕಲ್ಲಿಗಿಳಿಸಿದ ಎಡಗೈ

ಈಜಿಪ್ಟಿನ ಅಬು ಸಿಂಬೆಲ್ ದೇಗುಲದ ಹಳೆಯ ಲಿಥೋಗ್ರಾಫ್ (ಕಲ್ಲಿನ ಮೇಲೆ ಬರೆದು ತೆಗೆದ ಅಚ್ಚು, ಕಲ್ಲಚ್ಚು) ಎಂದರೆ ಎಲ್ಲರ ಬಾಯಲ್ಲೂ ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ರಾಬರ್ಟ್ಸ್ ಹೆಸರೇ. 1838ರಲ್ಲಿ ನೈಲ್ ನದಿಗುಂಟ ಈಜಿಪ್ಟಿನ ದಕ್ಷಿಣದ ನ್ಯೂಬಿಯಾ ಸೀಮೆಯವರೆಗೆ ಹೋಗಿ ಸ್ಥಳದಲ್ಲೇ ಚಿತ್ರ ಬರೆದುಕೊಂಡವರು ಅವರೇ, ನಿಜ. ಆದರೆ ಅದನ್ನು ಅಚ್ಚಿನ ಕಲ್ಲಿನ ಮೇಲೆ ಬರೆದವರು ಲೂಯಿ ಹಾಗ್. ಇಂದಿನ ಬೆಲ್ಜಿಯಂನ ಟೂರ್ನೇಯಲ್ಲಿ 1806ರಲ್ಲಿ ಹುಟ್ಟಿದವರು. ಹುಟ್ಟಿನಿಂದಲೇ ಬಲಗೈ ಊನ, ಕೆಲಸವೆಲ್ಲ ಎಡಗೈಯಲ್ಲೇ. ಲಂಡನ್ನಿನಲ್ಲಿ ವಿಲಿಯಂ ಡೇ ಜೊತೆ ಮುದ್ರಣಾಲಯ ನಡೆಸಿದವರು. ಅವರು ಕಲ್ಲಿಗಿಳಿಸಿದ ರಾಬರ್ಟ್ಸ್ ಚಿತ್ರಗಳ ಈಜಿಪ್ಟ್ ಮತ್ತು ನ್ಯೂಬಿಯಾ ಸಂಪುಟಗಳು 1846ರಿಂದ 1849ರ ನಡುವೆ ಹೊರಬಂದವು.

ಕಲ್ಲಿನ ಮೇಲೆ ಎಲ್ಲವನ್ನೂ ಎಡಬಲ ತಿರುಗಿಸಿ ಬರೆಯಬೇಕು. ದೇಗುಲದ ಎದುರು ನಿಂತರೆ, ದೊರೆ ರಾಮ್ಸೆಸ್‌ನ ನಾಲ್ಕು ಮೂರ್ತಿಗಳಲ್ಲಿ ಮುರಿದಿರುವುದು ಎಡದಿಂದ ಎರಡನೆಯದು. ಕಲ್ಲಿನಲ್ಲಿ ಅದು ಬಲದಿಂದ ಎರಡನೆಯದಾಗಿರಬೇಕು, ಇಲ್ಲವಾದರೆ ಅಚ್ಚಿನಲ್ಲಿ ತಪ್ಪು ಮೂರ್ತಿ ಮುರಿದಿರುತ್ತದೆ.

ಬವೇರಿಯಾದ ಸುಣ್ಣಕಲ್ಲನ್ನು ಮರಳು, ನೀರು ಹಾಕಿ ಉಜ್ಜಿ ಸಣ್ಣ ತರಿ ಎಬ್ಬಿಸುತ್ತಾರೆ. ಅದರ ಮೇಲೆ ಮೇಣ, ಸಾಬೂನು, ಕೊಬ್ಬು, ಕಾಡಿಗೆ ಬೆರೆಸಿದ ಜಿಡ್ಡಿನ ಕಡ್ಡಿಯಿಂದ ಬರೆಯುವುದು. ಕೈ ತಾಗಿದರೂ ಜಿಡ್ಡು ಹತ್ತಿ ಬೆರಳ ಗುರುತು ಅಚ್ಚಾಗಿಬಿಡುತ್ತದೆ. ಬರೆದ ಮೇಲೆ ಅರಬ್ಬಿ ಗೋಂದಿಗೆ ತುಸು ನೈಟ್ರಿಕ್ ಆಮ್ಲ ಬೆರೆಸಿ ಬಳಿಯುತ್ತಾರೆ. ಆಮ್ಲ ಹೆಚ್ಚಾದರೆ ತೆಳು ಬೂದು ಛಾಯೆಗಳು ಸುಟ್ಟುಹೋಗುತ್ತವೆ, ಕಡಿಮೆಯಾದರೆ ಖಾಲಿ ಜಾಗವೂ ಶಾಯಿ ಹಿಡಿಯುತ್ತದೆ. ಮುದ್ರಿಸುವಾಗ ಕಲ್ಲು ಒದ್ದೆಯಾಗಿಯೇ ಇರಬೇಕು, ಖಾಲಿ ಜಾಗಕ್ಕೆ ಜಿಡ್ಡಿನ ಶಾಯಿ ಹತ್ತದಂತೆ ತಡೆಯುವುದು ಆ ನೀರೇ. ಒಣಗಿತೋ, ಚಿತ್ರ ಮಸಿಯಾಗುತ್ತದೆ.

ಅಬು ಸಿಂಬೆಲ್‌ನ ಬಿಸಿಲು ಬರುವುದು ಮಾತ್ರ ಬೇರೆ ಕಲ್ಲಿನಿಂದ. ಮರಳಿನ ಬಣ್ಣದ ತೆಳು ಛಾಯೆಗೆಂದೇ ಇನ್ನೊಂದು ಕಲ್ಲು, ಅದರಲ್ಲಿ ಹೊಳಪು ಬೇಕಾದ ಕಡೆ ಕೆರೆದು ತೆಗೆಯುತ್ತಾರೆ. ಅಲ್ಲಿ ಕಾಣುವ ಬಿಳಿ ಕಾಗದದ್ದೇ ಬಿಳಿ. ತೇವಕ್ಕೆ ಕಾಗದ ಕೂದಲೆಳೆಯಷ್ಟು ಹಿಗ್ಗಿದರೂ ಎರಡು ಅಚ್ಚು ಹೊಂದದೆ, ಆ ಹೊಳಪು ಮೂರ್ತಿಯ ಮೊಣಕಾಲು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಹಾಗ್ ಅವರ ನಿಜವಾದ ಕೈಚಳಕ ಈ ಎರಡನೇ ಕಲ್ಲಿನಲ್ಲಿದೆ.

ಈ ಚಿತ್ರದ ಪ್ರತಿಯೊಂದು ಕೈಗೆ ಸಿಕ್ಕರೆ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೆರಳಿರುವ ಕಡೆ ನೋಡಿ. ಕಲ್ಲಚ್ಚಾದರೆ ಕಡ್ಡಿಯ ತರಿ ಅಡ್ಡಾದಿಡ್ಡಿಯಾಗಿ ಒಡೆದಿರುತ್ತದೆ. ಸಾಲಾಗಿ ಜೋಡಿಸಿದಂಥ ಚುಕ್ಕಿಗಳು ಕಂಡರೆ ಅದು ಈಚಿನ ಆಫ್‌ಸೆಟ್ (ಯಂತ್ರದ ಅಚ್ಚು) ಮರುಮುದ್ರಣ. ಕೈಯಲ್ಲಿ ಬಣ್ಣ ಹಾಕಿದ ಪ್ರತಿಗಳಲ್ಲಿ ಬಣ್ಣ ಅಲ್ಲಲ್ಲಿ ಗೆರೆ ದಾಟಿರುತ್ತದೆ, ಅದು ದೋಷವಲ್ಲ. ಅಳತೆಯಲ್ಲಿ ಚಿಕ್ಕದಾಗಿದ್ದರೆ ಅದು 1855–56ರ ಕಿರು ಆವೃತ್ತಿಯದೂ ಇರಬಹುದು, ಅದೂ ಕಲ್ಲಚ್ಚೇ.